ಅಪ್ಪನ ಪಾತ್ರ ತಾತನದಾಯಿತು!

ಕಳೆದ ಭಾನುವಾರ ‘ಡ್ರಾಕುಲಾ ಎ.ಡಿ. 1972’ ಎಂಬ ಹಳೆಯ ಇಂಗ್ಲಿಷ್ ದೆವ್ವದ ಸಿನಿಮಾ ನೋಡುತ್ತಿದ್ದೆ. ಪಕ್ಕದಲ್ಲಿ ಬಂದು ಕೂತ ಮೊಮ್ಮಗಳು ಡ್ರಾಕುಲಾನ ಕೋರೆಹಲ್ಲು ಕಂಡು ಹೆದರಲಿಲ್ಲ, ನಕ್ಕಳು. ಆಮೇಲೆ, “ತಾತ, ಅವನ ಜೊತೆ ಹೋರಾಡೋ ಅಜ್ಜ ಯಾಕೆ ಇಷ್ಟೊಂದು ಸೊರಗಿದ್ದಾರೆ?” ಎಂದಳು.

ಅದಕ್ಕೊಂದು ಕಥೆಯೇ ಇದೆ.

ಬ್ರಿಟನ್ನಿನ ಹ್ಯಾಮರ್ ಕಂಪನಿ 1958ರಲ್ಲಿ ‘ಡ್ರಾಕುಲಾ’ ಚಿತ್ರ ತೆಗೆದು ಜಗತ್ತನ್ನೇ ನಡುಗಿಸಿತ್ತು. ರಕ್ತ ಹೀರುವ ಡ್ರಾಕುಲಾ ಆಗಿ ಕ್ರಿಸ್ಟೋಫರ್ ಲೀ, ಅವನನ್ನು ಬೇಟೆಯಾಡುವ ವ್ಯಾನ್ ಹೆಲ್ಸಿಂಗ್ ಆಗಿ ಪೀಟರ್ ಕುಶಿಂಗ್. 1970ರ ಹೊತ್ತಿಗೆ ಜನಕ್ಕೆ ಹಳೆಯ ಕೋಟೆ, ಕುದುರೆಗಾಡಿಗಳ ಕಥೆ ಹಳಸಿತ್ತು. ಸರಿ, ಡ್ರಾಕುಲಾನನ್ನು ಅಂದಿನ ಲಂಡನ್ನಿಗೇ ಕರೆತಂದರು. ಉದ್ದ ಕೂದಲಿನ ಹುಡುಗರು, ಕುಣಿತ, ಅಬ್ಬರದ ಸಂಗೀತ ಎಲ್ಲವೂ ಇತ್ತು, ಹೆದರಿಕೆಯೇ ಕಡಿಮೆಯಾಯಿತು.

ಚಿತ್ರದಲ್ಲಿ ಜೆಸ್ಸಿಕಾ ಎಂಬ ಹುಡುಗಿಯ ಮೇಲೆ ಡ್ರಾಕುಲಾನ ಕಣ್ಣು. ಕುಶಿಂಗ್ ಅವರದು ಮೊದಲು ಅವಳ ಅಪ್ಪನ ಪಾತ್ರ. ಆದರೆ 1971ರ ಜನವರಿಯಲ್ಲಿ ಅವರ ಪತ್ನಿ ಹೆಲೆನ್ ತೀರಿಕೊಂಡರು. ಆ ದುಃಖದಲ್ಲಿ ಕುಶಿಂಗ್ ಎಷ್ಟು ಇಳಿದುಹೋದರೆಂದರೆ, ಅದೇ ವರ್ಷ ಚಿತ್ರೀಕರಣಕ್ಕೆ ಬಂದಾಗ ಅಪ್ಪನಂತೆ ಕಾಣಲೇ ಇಲ್ಲ. ಕಥೆಯನ್ನೇ ತಿದ್ದಿ ಅವರನ್ನು ತಾತನನ್ನಾಗಿ ಮಾಡಿದರು. ಆಗ ಅವರಿಗೆ ಬರೀ 58 ವರ್ಷ!

ಮಕ್ಕಳೇ, ಈ ತಾತ ಬಲು ಜಾಣ. ಜಾನಿ ಅಲುಕಾರ್ಡ್ ಎಂಬ ಹುಡುಗನ ಮೇಲೆ ಅವರಿಗೆ ಅನುಮಾನ. ಕಾಗದದ ಮೇಲೆ ಅವನ ಹೆಸರು ಬರೆದು ನೋಡುತ್ತಾರೆ. ‘ಅಲುಕಾರ್ಡ್’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿ, ಗುಟ್ಟು ನಿಮಗೇ ತಿಳಿಯುತ್ತದೆ. ಕೊನೆಗೆ ಪಾಳುಬಿದ್ದ ಚರ್ಚಿಗೆ ಒಬ್ಬರೇ ಹೋಗಿ, ಗುಂಡಿಯಲ್ಲಿ ಚೂಪಾದ ಗೂಟ ನೆಟ್ಟು, ಡ್ರಾಕುಲಾನನ್ನು ಅದಕ್ಕೆ ಕೆಡವಿ, ಮೊಮ್ಮಗಳನ್ನು ಉಳಿಸಿಕೊಳ್ಳುತ್ತಾರೆ.

ಹ್ಯಾಮರ್‌ನ ಒಳ್ಳೆಯ ಚಿತ್ರಗಳ ಸಾಲಿಗೆ ಇದನ್ನು ಯಾರೂ ಸೇರಿಸುವುದಿಲ್ಲ. ಆದರೂ ಮೊಮ್ಮಗಳಿಗಾಗಿ ಆ ತಾತ ಪಡುವ ಆತಂಕ ನಟನೆ ಅನ್ನಿಸುವುದೇ ಇಲ್ಲ. ಕುಶಿಂಗ್ ಅವರಿಗೆ ಮಕ್ಕಳಿರಲಿಲ್ಲ. ಹೆಲೆನ್ ನಂತರ ಕೆಲಸವೇ ಅವರಿಗೆ ಊರುಗೋಲು. 1977ರ ‘ಸ್ಟಾರ್ ವಾರ್ಸ್’ನಲ್ಲೂ ನಟಿಸಿದರು. ಮುಂದೆ ಒಂದು ಗುಲಾಬಿ ತಳಿಗೆ ಹೆಲೆನ್ ಹೆಸರಿಡಿಸಿ ಸಂತೋಷಪಟ್ಟರು.

ಇಷ್ಟು ಹೇಳಿ ಮುಗಿಸಿದಾಗ ಮೊಮ್ಮಗಳು ಗೋಡೆಯ ಮೇಲಿದ್ದ ಅವಳ ಅಜ್ಜಿಯ ಫೋಟೋ ನೋಡಿದಳು, ನನ್ನ ಮುಖ ನೋಡಿದಳು. “ತಾತ, ನೀವು ಸೊರಗಬೇಡಿ” ಎಂದು ನನ್ನ ತಟ್ಟೆಗೆ ಇನ್ನೊಂದು ಚಕ್ಕುಲಿ ಹಾಕಿದಳು.