ಮಂದೆಯಲ್ಲಿ ಬೆಳೆದ ಮರಿ, ಮನೆಯಲ್ಲಿ ಬೆಳೆದ ಮರಿ

ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟರೆ ಆಂಧ್ರ ಬಿಟ್ಟು ಕರ್ನಾಟಕ, ಕರ್ನಾಟಕ ಬಿಟ್ಟು ಮತ್ತೆ ಆಂಧ್ರ. ನೆಲ ಮಾತ್ರ ಉದ್ದಕ್ಕೂ ಒಂದೇ ಬಗೆ: ಕಡಲೆಕಾಯಿ ಹೊಲ, ಬಂಡೆಗುಡ್ಡ, ಜಾಲಿ, ಮಳೆಗಾಗಿ ಕಾಯುವ ಕೆರೆ. ಬೆಳೆ ಕಿತ್ತ ಹೊಲಗಳಲ್ಲಿ ಕುರುಬರು ಮಂದೆ ನಿಲ್ಲಿಸುತ್ತಾರೆ. ರಾತ್ರಿಯೆಲ್ಲ ಬಿದ್ದ ಹಿಕ್ಕೆ, ಗಂಜಲ ಹೊಲದವರಿಗೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ಕುರಿಗಾಹಿಗೆ ಕಾಳು ಇಲ್ಲವೇ ಕಾಸು. ಇದೇ ಕುರುಚಲಿನಲ್ಲಿ ತೋಳವೂ ಇದೆ. ಹಾಗಾಗಿ ಮಂದೆ ಎಂದ ಮೇಲೆ ನಾಯಿ ಇರಲೇಬೇಕು.

ಈ ನಾಯಿಗೆ ಕೂರು, ನಿಲ್ಲು ಎಂಬ ಪಾಠವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಆದರೂ ಕತ್ತಲಲ್ಲಿ ಅಪರಿಚಿತ ವಾಸನೆ ಬಂದರೆ ಬೊಗಳುತ್ತಾ ಎದ್ದು ಕುರಿಗಳಿಗೂ ಕತ್ತಲಿಗೂ ನಡುವೆ ನಿಲ್ಲುತ್ತದೆ. ಈ ಬುದ್ಧಿ ಅದಕ್ಕೆ ಬಂದದ್ದು ಎಲ್ಲಿಂದ? ಇವತ್ತು ದೃಷ್ಟಿಯಿಲ್ಲದವರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುವ ಸಂಸ್ಥೆಗಳು ಇದೇ ಪ್ರಶ್ನೆಗೆ ಹತ್ತಾರು ವರ್ಷ ಉತ್ತರ ಹುಡುಕಿದವು. ಸಿಕ್ಕ ಉತ್ತರ ಕುರಿರೊಪ್ಪಗಳ ರೂಢಿಯಲ್ಲಿ ಮೊದಲೇ ಇತ್ತು: ಎಳೆಯ ಮರಿ ಯಾರ ಜೊತೆ ಬೆಳೆಯುತ್ತದೋ ಅವರೇ ಅದರ ಬಳಗ.

ರೊಪ್ಪದಲ್ಲಿ ಬೆಳೆಯುವ ನಾಯಿಮರಿಯನ್ನು ಸ್ವಲ್ಪ ಹೊತ್ತು ನೋಡಿದರೆ ಇದು ಗೊತ್ತಾಗುತ್ತದೆ. ದೊಡ್ಡ ಕುರಿಗಳು ಮೇಯಲು ಹೋದಾಗ ಎಳೆ ಕುರಿಮರಿಗಳು ಹಿಂದೆ ಉಳಿಯುತ್ತವೆ. ನಾಯಿಮರಿಯೂ ಅವುಗಳ ನಡುವೆಯೇ ಬಿದ್ದುಕೊಂಡಿರುತ್ತದೆ. ಸಂಜೆ ತಾಯಿಕುರಿ ಬಂದಾಗ ಅದು ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಒತ್ತಿ, ಬಾಲವನ್ನು ಕೆಳಗೇ ಅಲ್ಲಾಡಿಸುತ್ತಾ ಕುರಿಯ ಬಾಯಿ ಮೂಸುತ್ತದೆ. ತನ್ನ ತಾಯಿಯನ್ನು ಎದುರುಗೊಳ್ಳುವ ರೀತಿಯೂ ಅದೇ. ಕುರಿಮರಿಯ ಮುಂದೆ ಮುಂಗಾಲು ಚಾಚಿ, ಹಿಂಭಾಗ ಎತ್ತಿ ನಿಂತರೆ ಅದು ಆಟಕ್ಕೆ ಕರೆ. ಆಟ ಬೆನ್ನಟ್ಟುವುದಕ್ಕೆ ತಿರುಗಿತೋ, ಕುರಿಗಾಹಿ ಗದರಿಸುತ್ತಾನೆ. ಆ ಗದರಿಕೆ ತಡವಾಗಿ ಬಂದರೆ ಪ್ರಯೋಜನವಿಲ್ಲ. ಕಾಲು ಓಡುವ ಮೊದಲು, ಕಣ್ಣು ನೆಟ್ಟ ಗಳಿಗೆಯಲ್ಲೇ ಬೀಳಬೇಕು.

ಮರಿಯನ್ನು ಕುರಿಗಳ ನಡುವೆಯೇ ಬೆಳೆಸುವ ಈ ರೂಢಿಯನ್ನು ಬರೆದಿಟ್ಟ ಹಳಬರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬ. 1833ರಲ್ಲಿ, ಇಂದಿನ ಉರುಗ್ವೆಯ ಹುಲ್ಲುಗಾವಲಿನಲ್ಲಿ, ಕಾವಲುಗಾರ ಮನುಷ್ಯರಿಲ್ಲದೆಯೇ ದೊಡ್ಡ ಕುರಿಹಿಂಡನ್ನು ಕಾಯುವ ನಾಯಿಗಳನ್ನು ಕಂಡು ಆತ ಬೆರಗಾದ. ಅಲ್ಲಿಯವರು ಮರಿಯನ್ನು ತೀರ ಎಳವೆಯಲ್ಲೇ ತಾಯಿಯಿಂದ ಬಿಡಿಸಿ, ದಿನಕ್ಕೆ ಮೂರು ನಾಲ್ಕು ಸಲ ಕುರಿಯ ಮೊಲೆ ಕುಡಿಸಿ, ದೊಡ್ಡಿಯಲ್ಲೇ ಉಣ್ಣೆಯ ಹಾಸಿಗೆ ಮಾಡಿ ಮಲಗಿಸುತ್ತಿದ್ದರು. ಬೇರೆ ನಾಯಿಗಳ ಸಹವಾಸವಿಲ್ಲ, ಮನೆಮಕ್ಕಳ ಜೊತೆ ಆಟವೂ ಇಲ್ಲ. ಸಾಗರದಾಚೆಯ ಆ ಜನರೂ ನಮ್ಮ ಸೀಮೆಯ ಕುರುಬರೂ ಪರಸ್ಪರ ಮುಖ ನೋಡಿದವರಲ್ಲ. ನಾಯಿಯ ಸ್ವಭಾವ ಇಬ್ಬರಿಗೂ ಒಂದೇ ಪಾಠ ಕಲಿಸಿತ್ತು.

ಮಾರ್ಗದರ್ಶಿ ನಾಯಿಯ ಕಥೆ ಆರಂಭವಾದದ್ದು ಬೇರೆ ಕಡೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ನಾಯಿಗಳ ಶಾಲೆ ತೆರೆಯಿತು. 1929ರಲ್ಲಿ ಅಮೆರಿಕದಲ್ಲಿ ‘ಸೀಯಿಂಗ್ ಐ’ ಹುಟ್ಟಿತು. 1931ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಮೊದಲ ನಾಲ್ಕು ಮಂದಿ ತಮ್ಮ ನಾಯಿಗಳೊಂದಿಗೆ ತರಬೇತಿ ಮುಗಿಸಿದರು. ಆಗೆಲ್ಲ ತರಬೇತಿ ಎಂದರೆ ಬೆಳೆದ ನಾಯಿಗೆ ಕೊಡುವುದು. ಒಳ್ಳೆಯ ತಳಿ, ಚುರುಕು ಬುದ್ಧಿ, ಆರೋಗ್ಯ ಎಲ್ಲ ಇದ್ದರೂ ಬಹಳಷ್ಟು ನಾಯಿಗಳು ಕೊನೆಯ ಪರೀಕ್ಷೆಯಲ್ಲಿ ಸೋಲುತ್ತಿದ್ದವು. ಗದ್ದಲಕ್ಕೆ ಬೆದರುವುದು, ತಾನಾಗಿ ನಿರ್ಧಾರ ಮಾಡಬೇಕಾದಲ್ಲಿ ತಬ್ಬಿಬ್ಬಾಗುವುದು, ಜವಾಬ್ದಾರಿ ಬಿದ್ದೊಡನೆ ಕುಗ್ಗುವುದು.

ಕಾರಣ ಸಿಕ್ಕಿದ್ದು ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ. ಅಲ್ಲಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮರಿಗಳನ್ನು ಹುಟ್ಟಿದಂದಿನಿಂದ ಗಮನಿಸುತ್ತಾ ಹೋದರು. ಎರಡು ವಾರಕ್ಕೆ ಕಣ್ಣು ಬಿಡುವ ಮರಿ ಮೂರನೇ ವಾರದ ಹೊತ್ತಿಗೆ ಸದ್ದಿಗೆ ಬೆಚ್ಚತೊಡಗುತ್ತದೆ. ಅಲ್ಲಿಂದ ಸುಮಾರು ಹನ್ನೆರಡನೇ ವಾರದವರೆಗೆ ಅದು ಲೋಕದ ಜೊತೆ ನಂಟು ಬೆಳೆಸುವ ಕಾಲ. 1961ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಎತ್ತರದ ಬೇಲಿಯೊಳಗೆ ಮನುಷ್ಯರ ಸಂಪರ್ಕವಿಲ್ಲದೆ ಮರಿಗಳನ್ನು ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಜನರ ನಡುವೆ ತಂದರು. ಏಳನೇ ವಾರದ ಆಸುಪಾಸಿನಲ್ಲಿ ಬಂದವು ಬೇಗ ಹೊಂದಿಕೊಂಡವು. ಹದಿನಾಲ್ಕು ವಾರದವರೆಗೂ ಬೇಲಿಯೊಳಗೇ ಉಳಿದವು ಕಾಡುಪ್ರಾಣಿಗಳಂತೆ ವರ್ತಿಸಿದವು. ಸ್ಕಾಟ್ ಮತ್ತು ಫುಲ್ಲರ್ ತಮ್ಮ ಅಧ್ಯಯನವನ್ನು 1965ರಲ್ಲಿ ಪುಸ್ತಕವಾಗಿ ತಂದರು.

ಇದೇ ತಿಳಿವಳಿಕೆಯನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನ ಮಾರ್ಗದರ್ಶಿ ನಾಯಿ ಶಾಲೆಯಲ್ಲಿ ಕೆಲಸಕ್ಕೆ ಹಚ್ಚಿದವರು ಕ್ಲಾರೆನ್ಸ್ ಫಾಫನ್‌ಬರ್ಗರ್. ಎಳವೆಯಲ್ಲಿ ಒಡ್ಡಿದ ಪರೀಕ್ಷೆಗಳಲ್ಲಿ ಗೆದ್ದು ಬೇಗನೆ ಮನೆಗಳಿಗೆ ಹೋದ ಮರಿಗಳು ಮುಂದೆ ಒಳ್ಳೆಯ ಮಾರ್ಗದರ್ಶಿಗಳಾದವು. ಅಷ್ಟೇ ಚೆನ್ನಾಗಿ ಗೆದ್ದರೂ ಹನ್ನೆರಡು ವಾರ ದಾಟಿ ಕೆಲವೇ ವಾರ ಗೂಡಿನಲ್ಲಿ ಉಳಿದವುಗಳಲ್ಲಿ ಸೋತವೇ ಹೆಚ್ಚು. ತಳಿ ಅದೇ, ತರಬೇತುದಾರರು ಅವರೇ. ಮನೆ ಸಿಗಲು ಆದ ತಡವೇ ವ್ಯತ್ಯಾಸ. 1956ರಲ್ಲಿ ಬ್ರಿಟನ್ನಿನ ಮಾರ್ಗದರ್ಶಿ ನಾಯಿ ಸಂಸ್ಥೆಯೂ ಮರಿಗಳನ್ನು ಸಾಮಾನ್ಯ ಕುಟುಂಬಗಳಿಗೆ ಸಾಕಲು ಕೊಡತೊಡಗಿತು. ಸುಮಾರು ಒಂದು ವರ್ಷ ಆ ಕುಟುಂಬ ಮರಿಯನ್ನು ಸಂತೆಗೆ, ಬಸ್ಸಿಗೆ, ಮೆಟ್ಟಿಲಿಗೆ, ಮಕ್ಕಳ ಗಲಾಟೆಗೆ ಒಗ್ಗಿಸುತ್ತದೆ. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ಶಾಲೆಗೆ ಒಪ್ಪಿಸುತ್ತದೆ. ಇವತ್ತು ಲೋಕದ ದೊಡ್ಡ ಮಾರ್ಗದರ್ಶಿ ನಾಯಿ ಸಂಸ್ಥೆಗಳೆಲ್ಲ ನಿಂತಿರುವುದು ಇಂಥ ಕುಟುಂಬಗಳ ಮೇಲೆ.

ಮತ್ತೆ ಮಂದೆಯ ನಾಯಿಗೆ ಬರೋಣ. 1970ರ ದಶಕದಲ್ಲಿ ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನ ರೇಮಂಡ್ ಮತ್ತು ಲೋರ್ನಾ ಕಾಪಿಂಗರ್ ದಂಪತಿ ಯುರೋಪ್ ಮತ್ತು ಟರ್ಕಿಯ ಕುರಿಗಾಹಿಗಳಿಂದ ಕಾವಲು ನಾಯಿಗಳನ್ನು ತಂದು ಅಮೆರಿಕದ ರೈತರಿಗೆ ಕೊಟ್ಟು ನೋಡಿದರು. ಅವರು ಗುರುತಿಸಿದ್ದು ಒಂದು ಮುಖ್ಯ ಅಂಶ. ಬೇಟೆಯಲ್ಲಿ ಹಂತಗಳಿವೆ: ಕಣ್ಣು ನೆಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಕುರಿ ಅಟ್ಟುವ ಬಾರ್ಡರ್ ಕೋಲಿ ತಳಿಯಲ್ಲಿ ಮೊದಲ ಮೂರು ಹಂತ ಗಟ್ಟಿಯಾಗಿವೆ. ಕಾವಲು ನಾಯಿಯಲ್ಲಿ ಈ ಹಂತಗಳು ಸರಿಯಾಗಿ ಎಚ್ಚರಗೊಳ್ಳುವುದೇ ಇಲ್ಲ. ಕುರಿಯೊಂದಿಗೆ ಅದರ ನಡೆ ಕೊನೆವರೆಗೂ ಮರಿಯದೇ. ತೋಳ ಬಂದಾಗ ಅದು ಬೊಗಳುತ್ತಾ ಹತ್ತಿರ ಹೋದರೂ ಸಾಕು, ತೋಳದ ಬೇಟೆಯ ಲಯ ಮುರಿಯುತ್ತದೆ. ಕೊಲ್ಲಬೇಕಿಲ್ಲ, ತಡೆದರೆ ಕುರಿ ಉಳಿಯುತ್ತದೆ, ತೋಳವೂ ಉಳಿಯುತ್ತದೆ. ವಿಷವಿಟ್ಟು ತೋಳ ಕೊಲ್ಲುವುದಕ್ಕಿಂತ ಒಳ್ಳೆಯ ನಾಯಿ ಸಾಕುವುದು ಇಬ್ಬರಿಗೂ ಲೇಸು.

ಕನ್ನಡ ನಾಡಿಗೆ ನಾಯಿಯ ಸೇವೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಗಂಗ ದೊರೆ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ಕಾಳಿಯೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿ ಮತ್ತು ಹಂದಿಯ ಹೋರಾಟವನ್ನು ಈಗಲೂ ನೋಡಬಹುದು. ನಮ್ಮ ಕಾಲದಲ್ಲಿ 2011ರಲ್ಲಿ ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ನಾಯಿ ತಳಿ ಮತ್ತು ತರಬೇತಿ ಶಾಲೆ ಆರಂಭವಾಯಿತು. ಬಾಗಲಕೋಟೆಯ ಮುಧೋಳ ನಾಯಿಯ ಮರಿಗಳನ್ನು 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಒಯ್ದರು. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ, ಅಟ್ಟುವುದು ಅದರ ರಕ್ತದಲ್ಲಿದೆ. ಅದಕ್ಕೆ ಯಾವ ಕೆಲಸ ಕೊಡಬೇಕು ಎಂದು ಕೇಳುವಾಗ ಯಾರ ನಡುವೆ, ಯಾವ ವಾರದಿಂದ ಬೆಳೆಸಬೇಕು ಎಂದೂ ಕೇಳಬೇಕು.

ಈ ಮಾತು ಪಟ್ಟಣದ ಮನೆಗಳಿಗೂ ಸಲ್ಲುತ್ತದೆ. ನಾಲ್ಕೇ ವಾರದ ಮರಿಯನ್ನು ತಾಯಿಯಿಂದ ಕಿತ್ತು ತಂದರೆ ಎಷ್ಟು ಜೋರಾಗಿ ಕಚ್ಚಬಾರದು ಎಂಬ ಪಾಠವನ್ನು ಒಡಹುಟ್ಟಿದವುಗಳಿಂದ ಅದು ಕಲಿತೇ ಇರುವುದಿಲ್ಲ. ಎಂಟು ವಾರಕ್ಕೆ ತಂದು ಮಹಡಿಯ ಮೇಲೆ ಸರಪಳಿ ಹಾಕಿದರೆ ಇನ್ನೊಂದು ತೊಂದರೆ: ಕೊಡೆ, ಹೆಲ್ಮೆಟ್ಟು, ಮಗುವಿನ ಓಟ ಎಲ್ಲವೂ ಅದಕ್ಕೆ ಶತ್ರುವಾಗುತ್ತವೆ. ಲಸಿಕೆಗಳು ಮುಗಿಯುವ ತನಕ ನೆಲಕ್ಕಿಳಿಸುವ ಭಯವಿದ್ದರೆ ಎತ್ತಿಕೊಂಡೇ ಬೀದಿ ತೋರಿಸಬಹುದು. ಬಾಲ ಅಲ್ಲಾಡಿಸಿದ್ದೆಲ್ಲ ಪ್ರೀತಿಯಲ್ಲ ಎಂಬುದೂ ಗೊತ್ತಿರಬೇಕು. ಬಾಲ ನೆಟ್ಟಗೆ ನಿಂತು ಬಿಗಿಯಾಗಿ ನಡುಗುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದಿದ್ದರೂ ಆಕಳಿಸುವುದು ಇವೆಲ್ಲ ದೂರ ಇರು ಎಂದು ಅದು ಮೊದಲೇ ಕೊಡುವ ಸೂಚನೆಗಳು.

ನಮ್ಮಲ್ಲಿ ದೃಷ್ಟಿಯಿಲ್ಲದವರ ಜೊತೆ ಬಸ್ ನಿಲ್ದಾಣದಲ್ಲಿ ನಡೆಯುವ ನಾಯಿಗಳು ಹೆಚ್ಚಬೇಕಾದರೆ ಕಟ್ಟಡ, ಬೆಲ್ಟು, ತರಬೇತುದಾರ ಇಷ್ಟೇ ಸಾಲದು. ಬೇರೆಯವರಿಗಾಗಿ ಒಂದು ವರ್ಷ ಮರಿ ಸಾಕಿ, ಪ್ರೀತಿಸಿ, ಬಿಟ್ಟುಕೊಡಲು ಒಪ್ಪುವ ಮನೆಗಳು ಬೇಕು. ಎಳೆಯ ಮರಿಯನ್ನು ಸರಿಯಾದ ಸಹವಾಸದಲ್ಲಿಟ್ಟು ಕೆಲಸದ ನಾಯಿ ಮಾಡುವ ಅನುಭವ ಹಿಂದೂಪುರ, ಕಲ್ಯಾಣದುರ್ಗದ ಕುರುಬರಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿದೆ. ನಾಯಿ ಶಾಲೆ ಕಟ್ಟಲು ಹೊರಟವರು ವಿದೇಶದ ಪುಸ್ತಕಗಳನ್ನು ಓದಲಿ, ಜೊತೆಗೆ ಈ ಕುರಿಗಾಹಿಗಳನ್ನೂ ಕರೆದು ಕೂರಿಸಿಕೊಂಡು ಕೇಳಲಿ. ಆ ವಿದ್ಯೆಗೆ ಗುರುದಕ್ಷಿಣೆ ಕೊಟ್ಟು ಕಲಿಯುವ ಕಾಲ ಇದು.