ಬಿಟ್ಟಿ ಬಂದ ನಾಯಿಮರಿಗೆ ಬೆಲೆಯಿಲ್ಲವೇ?

ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ಒಕ್ಕಲು ಮನೆಗಳಲ್ಲಿ ನಾಯಿ ಕೇವಲ ಮುದ್ದಿನ ಪ್ರಾಣಿಯಲ್ಲ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗದಂತೆ, ಕುರಿಹಟ್ಟಿಗೆ ಕಳ್ಳ ಬಾರದಂತೆ ರಾತ್ರಿಯಿಡೀ ಎಚ್ಚರವಾಗಿರುವ ಕಾವಲುಗಾರ. ಆದರೂ ಸಂತೆಯಲ್ಲಿ ಹಣ ಕೊಟ್ಟು ತಂದ ಮೇಕೆ ಕುಂಟಿದರೆ ಪಶು ಆಸ್ಪತ್ರೆಗೆ ಓಡುವ ನಾವು, ನಾಯಿ ಕುಂಟಿದರೆ ತಿರುಗಿ ನೋಡುವುದು ಕಡಿಮೆ. ಕೇಳಿದರೆ "ಬಿಟ್ಟಿ ಬಂದದ್ದು ತಾನೇ" ಎನ್ನುತ್ತೇವೆ.

ಹಾಗಾದರೆ ಮರಿ ಕೊಡುವಾಗ ನೂರೋ ಇನ್ನೂರೋ ರೂಪಾಯಿ ಕೇಳಿದರೆ ಒಯ್ದವರು ಚೆನ್ನಾಗಿ ಸಾಕುವರೇ? ಅನಾಥ ಪ್ರಾಣಿಗಳನ್ನು ಸಾಕಲು ಕೊಡುವ ಸಂಸ್ಥೆಗಳಲ್ಲೂ ಈ ಪ್ರಶ್ನೆ ಎದ್ದಿದೆ. ಅಮೆರಿಕದಲ್ಲಿ ಹಣ ಕೊಟ್ಟು ಬೆಕ್ಕು ಒಯ್ದವರನ್ನೂ ಉಚಿತವಾಗಿ ಒಯ್ದವರನ್ನೂ ಹೋಲಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಇಬ್ಬರ ಮಮತೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆರೋಗ್ಯದ ವಿಷಯದಲ್ಲೂ ಹೀಗೆಯೇ. ಆಫ್ರಿಕದ ಕೆನ್ಯಾ ದೇಶದಲ್ಲಿ ಗರ್ಭಿಣಿಯರಿಗೆ ಮಲೇರಿಯಾ ತಡೆಯುವ ಸೊಳ್ಳೆಪರದೆಗಳನ್ನು ಕೆಲವು ಕಡೆ ಉಚಿತವಾಗಿ, ಕೆಲವು ಕಡೆ ಅಲ್ಪ ಬೆಲೆಗೆ ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಉಚಿತವಾಗಿ ಪಡೆದವರು ಹಣ ಕೊಟ್ಟವರಿಗಿಂತ ಕಡಿಮೆ ಬಳಸಲಿಲ್ಲ. ಬೆಲೆ ಇಟ್ಟ ಕಡೆ ಮಾತ್ರ ಪರದೆ ಒಯ್ಯುವವರೇ ಬಹಳ ಕಡಿಮೆಯಾದರು. ಅಂದರೆ ಬೆಲೆಯು ಬಡವನನ್ನು ದೂರವಿಟ್ಟಿತೇ ಹೊರತು ಕಾಳಜಿಯನ್ನು ಹೆಚ್ಚಿಸಲಿಲ್ಲ.

ಆದ್ದರಿಂದ ಮರಿಗೆ ಹಣ ಕೇಳುವುದಕ್ಕಿಂತ ಮಾತು ಕೇಳುವುದು ಲೇಸು. ಕೊಡುವ ಮುನ್ನ ಇಷ್ಟನ್ನು ಒಪ್ಪಿಸಿಕೊಳ್ಳಿ:

1. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದು.

2. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಬೇಕು. ಮುಂದಿನದನ್ನು ಪಶುವೈದ್ಯರು ಹೇಳಿದ ದಿನಕ್ಕೆ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು.

3. ಕುರಿ ಕೊಯ್ದಾಗ ಹಸಿ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬಾರದು. ಅದರಲ್ಲಿ ನೀರುಗುಳ್ಳೆಗಳಿದ್ದರೆ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳಿಂದ ಮನುಷ್ಯರಿಗೂ ರೋಗ ತಗಲುತ್ತದೆ. ಜಂತುಹುಳುವಿನ ಔಷಧಿಯನ್ನೂ ಕಾಲಕಾಲಕ್ಕೆ ಕೊಡಿಸಬೇಕು.

4. ಹೆಣ್ಣು ಮರಿಯೆಂದು ಊರಾಚೆ ಬಿಟ್ಟು ಬರಬಾರದು. ಸಂತಾನಹರಣ ಚಿಕಿತ್ಸೆಯ ಬಗ್ಗೆ ಪಶುವೈದ್ಯರನ್ನು ವಿಚಾರಿಸಬೇಕು.

ಚುಚ್ಚುಮದ್ದಿಗೂ ಹಣದ ಚಿಂತೆ ಬೇಡ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರು ನಾಯಿ ಕಚ್ಚಿದ ಬಾಲಕನೊಬ್ಬನಿಗೆ ಮೊದಲ ಬಾರಿ ಈ ರೋಗದ ಲಸಿಕೆ ಹಾಕಿದರು. ಅದರ ನೆನಪಿಗೆ ಪ್ರತಿ ವರ್ಷ ಜುಲೈ 6ರಂದು ಆಂಧ್ರದ ಪಶು ಆಸ್ಪತ್ರೆಗಳಲ್ಲಿ ಸಾಕುನಾಯಿಗಳಿಗೆ ಉಚಿತವಾಗಿ ಚುಚ್ಚುಮದ್ದು ಹಾಕುವ ಶಿಬಿರಗಳು ನಡೆಯುತ್ತವೆ. ಬಿಟ್ಟಿ ಸಿಗುವುದೆಂದು ಇದನ್ನು ಹಗುರವಾಗಿ ಕಾಣಬೇಡಿ.

ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಲಸಿಕೆ ಉಚಿತ. ಒಂದೆರಡು ಚುಚ್ಚುಮದ್ದಿಗೇ ನಿಲ್ಲಿಸದೆ ವೈದ್ಯರು ಹೇಳಿದಷ್ಟನ್ನೂ ಹಾಕಿಸಿಕೊಳ್ಳಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ.

ಅಕ್ಟೋಬರ್ 4ರಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ ಆಚರಿಸುವ ನಾವು, ದೇವರ ಕೃಪೆಯೂ ನಮಗೆ ಬಿಟ್ಟಿಯಾಗಿಯೇ ಬಂದದ್ದೆಂಬುದನ್ನು ನೆನೆಯೋಣ. ಬಿಟ್ಟಿ ಬಂದದ್ದಕ್ಕೆ ಬೆಲೆ ಕಟ್ಟುವುದು ನಾವು ಅದನ್ನು ಕಾಪಾಡುವ ರೀತಿಯಿಂದ.