‘ಪ್ರಾಉಸ್’: ಒಂದು ಗ್ರೀಕ್ ಗುಣವಾಚಕದ ಅರ್ಥವಿಸ್ತಾರ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ, ಮತ್ತಾಯನ ಸುವಾರ್ತೆಯೊಳಗೆ 3 ಸಲವೂ ಪೇತ್ರನ ಮೊದಲನೆಯ ಪತ್ರಿಕೆಯೊಳಗೆ ಒಂದು ಸಲವೂ ಮಾತ್ರ ಕಾಣಬರುವ ‘ಪ್ರಾಉಸ್’ (ಶಾಂತ, ಸಾತ್ವಿಕ) ಎಂಬ ಗುಣವಾಚಕವು, ಪ್ರಯೋಗದಲ್ಲಿ ವಿರಳವಾದರೂ ಅರ್ಥದಲ್ಲಿ ಅತ್ಯಂತ ಗಹನವಾದುದು.

ಸಂಸ್ಕೃತವನ್ನು ಬಲ್ಲವರಿಗೆ ಇದರ ರೂಪಗಳು ಅಪರಿಚಿತವೆನಿಸಲಾರವು: ‘ಮೃದುಃ, ಮೃದ್ವೀ, ಮೃದು’ ಎಂಬಂತೆಯೇ ಇಲ್ಲಿಯೂ ‘ಪ್ರಾಉಸ್, ಪ್ರಾಎಯಾ, ಪ್ರಾಉ’ ಎಂದು ಮೂರು ಲಿಂಗಗಳಲ್ಲಿ ರೂಪಭೇದವುಂಟು. ಗಿರಿಪ್ರಸಂಗದ ಒಂದು ವಚನದಲ್ಲಿ ಧನ್ಯರೆನಿಸಿದವರು ಪುಲ್ಲಿಂಗ ಬಹುವಚನದ ‘ಪ್ರಾಎಯಿಸ್’. ಪೇತ್ರನು ಸ್ತ್ರೀಯರ ನಿಜವಾದ ಭೂಷಣವನ್ನು ಕುರಿತು ಹೇಳುತ್ತಿದ್ದರೂ, ಅಲ್ಲಿ ವಿಶೇಷ್ಯವು ‘ಆತ್ಮ’ವೆಂಬರ್ಥದ ಗ್ರೀಕ್ ನಪುಂಸಕ ಶಬ್ದವಾದುದರಿಂದ, ಆ ಲಿಂಗದ ಷಷ್ಠೀ ರೂಪವಾದ ‘ಪ್ರಾಎಓಸ್’ ಬಂದಿದೆ. ಸ್ತ್ರೀಲಿಂಗರೂಪವು ಹೊಸ ಒಡಂಬಡಿಕೆಯಲ್ಲೆಲ್ಲಿಯೂ ಇಲ್ಲ.

ಪ್ರಾಚೀನ ಗ್ರೀಕರಲ್ಲಿ ಕ್ಸೆನೊಫೋನನು, ಪಳಗಿಸುವವನ ಕೈಗೆ ಒಪ್ಪಿಸುವ ಕುದುರೆಮರಿಯು ಹೇಗಿರಬೇಕೆಂಬುದನ್ನು ಇದೇ ಶಬ್ದದ ಹಳೆಯ ರೂಪದಿಂದ ಹೇಳಿದನು. ಅರಿಸ್ಟಾಟಲನು ಈ ಗುಣವನ್ನು ಅತಿಕೋಪಕ್ಕೂ ಕೋಪಶೂನ್ಯತೆಗೂ ನಡುವಣ ಮಧ್ಯಮಸ್ಥಿತಿಯೆಂದನು. ಇವುಗಳನ್ನೇ ಆಧರಿಸಿ ‘ಹತೋಟಿಯಲ್ಲಿರುವ ಶಕ್ತಿ’ಯೇ ಇದರ ಅರ್ಥವೆಂದು ಹಲವರು ಬೋಧಿಸುವುದುಂಟು. ಆ ವಿವರಣೆಯು ಸುಳ್ಳಲ್ಲ, ಆದರೆ ಸಾಲದು. ಏಕೆಂದರೆ ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಮೊದಲ್ಗೊಂಡು ಹೀಬ್ರೂ ಧರ್ಮಗ್ರಂಥಗಳನ್ನು ಗ್ರೀಕಿಗೆ ತಂದ ಯೆಹೂದಿ ವಿದ್ವಾಂಸರು ‘ಆನಾವ್’ ಎಂಬ ಪದಕ್ಕೆ ಬಹುಸ್ಥಳಗಳಲ್ಲಿ ಈ ಶಬ್ದವನ್ನಿಟ್ಟು, ತುಳಿಯಲ್ಪಟ್ಟೂ ಪ್ರತೀಕಾರಕ್ಕೆಳಸದೆ ದೇವರ ನ್ಯಾಯವನ್ನೇ ನಿರೀಕ್ಷಿಸುವವನೆಂಬ ಭಾವವನ್ನು ಅದರೊಳಗೆ ತುಂಬಿದರು. ಅರಣ್ಯಕಾಂಡದ 12ನೆಯ ಅಧ್ಯಾಯದಲ್ಲಿ ಮೋಶೆಗೆ ಸಂದಿರುವುದು ಈ ವಿಶೇಷಣವೇ. ಆಜ್ಞಾಶಿಲೆಗಳನ್ನು ಕೋಪದಿಂದ ಒಡೆದುಹಾಕಿದ ಆ ಮಹಾಪುರುಷನು, ಒಡಹುಟ್ಟಿದ ಮಿರ್ಯಾಮಳೂ ಆರೋನನೂ ತನ್ನನ್ನು ನಿಂದಿಸಿದಾಗ ತನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಮಿರ್ಯಾಮಳಿಗೆ ಕುಷ್ಠವು ತಗುಲಿದಾಗಲಾದರೋ ಅವಳ ಸ್ವಸ್ಥತೆಗಾಗಿ ದೇವರಿಗೆ ಮೊರೆಯಿಟ್ಟನು. ಇಂಥವನನ್ನು ದುರ್ಬಲನೆನ್ನುವುದು ಅಸಾಧ್ಯ.

ಜೆಕರ್ಯನ ಪ್ರವಾದನೆಯಲ್ಲಿ ಕತ್ತೆಯನ್ನೇರಿ ಬರುವ ಅರಸನೂ ‘ಪ್ರಾಉಸ್’. ಮುಂದಿನ ವಚನದಲ್ಲಿಯೇ ರಥಾಶ್ವಗಳೂ ಯುದ್ಧದ ಬಿಲ್ಲೂ ಇಲ್ಲವಾಗುತ್ತವೆ. ಯೇಸುವಿನ ಯೆರೂಸಲೇಮ್ ಪ್ರವೇಶಕ್ಕೆ ಮತ್ತಾಯನು ಆ ಪ್ರವಾದನೆಯನ್ನೇ ಅನ್ವಯಿಸಿದ್ದಾನೆ.

ನಮ್ಮ ಹಳೆಯ ಕನ್ನಡ ಬೈಬಲು ಈ ಶಬ್ದವನ್ನು ಒಂದೆಡೆ ‘ಶಾಂತ’ವೆಂದೂ ಇನ್ನೊಂದೆಡೆ ‘ಸಾತ್ವಿಕ’ವೆಂದೂ ತಂದಿದೆ, ಎರಡೂ ಯೋಗ್ಯವಾದುವೇ. ಆದರೆ ಗಿರಿಪ್ರಸಂಗದ ಆ ವಚನವು 37ನೆಯ ಕೀರ್ತನೆಯಿಂದ ಹುಟ್ಟಿದುದಾದುದರಿಂದ, ಅದರ ಅರ್ಥವನ್ನರಸುವ ವಾಚಕರು ಮೊದಲು ಆ ಕೀರ್ತನೆಯನ್ನು ಆದ್ಯಂತವಾಗಿ ಓದಬೇಕೆಂದು ನನ್ನ ಬಿನ್ನಹ.